ಲಗೂ ಹೇಳು

ಚಿಕ್ಕೋಡಿಯ ಬಸ್ ನಿಲ್ದಾಣದ ಎದುರು ಸ್ಟೇಶನರಿ ಅಂಗಡಿ ಇಟ್ಟಿದ್ದ ಶಾಂತಿನಾಥನ ಕೈಯಲ್ಲಿ ಇಸ್ಪೀಟಿನ ಕಟ್ಟು ಇಲ್ಲದ ಹೊತ್ತನ್ನು ಕಂಡವರು ಕಡಿಮೆ. ಹತ್ತೊಂಬತ್ತರ ವಯಸ್ಸಿನಲ್ಲಿ ಮಿರಜಿನ ರೈಲು ನಿಲ್ದಾಣದಲ್ಲಿ ಒಬ್ಬ ಮುದುಕ ಬದಾಮ ರಾಣಿಯನ್ನು ಕಣ್ಣೆದುರೇ ಚೌಕಟ ಎಕ್ಕಾ ಮಾಡಿ ತೋರಿಸಿದ್ದ. ಅಂದು ಹಿಡಿದ ಹುಚ್ಚು ನಲವತ್ತು ತುಂಬಿದರೂ ಬಿಟ್ಟಿರಲಿಲ್ಲ. ಎರಡು ಎಲೆಗಳನ್ನು ಒಂದೇ ಎಲೆ ಎಂಬಂತೆ ಎತ್ತುವುದನ್ನು ಕಲಿಯಲಿಕ್ಕೇ ಅವನಿಗೆ ಎರಡು ವರ್ಷ ಹಿಡಿದಿತ್ತು. ಗಿರಾಕಿ ಪೆನ್ನು ಗೀಚಿ ನೋಡುವಷ್ಟರಲ್ಲಿ ಗಲ್ಲಾಪೆಟ್ಟಿಗೆಯ ಮರೆಯಲ್ಲಿ ಅವನ ಎಡಗೈ ಕಟ್ಟನ್ನು ಎರಡು ಪಾಲು ಮಾಡಿ, ಮೇಲಿನದನ್ನು ಕೆಳಗೆ ತಂದು, ಮತ್ತೆ ಒಂದು ಮಾಡಿ ಸುಮ್ಮನಾಗಿರುತ್ತಿತ್ತು.

ಶಾಲೆಯ ಗ್ಯಾದರಿಂಗು, ಹುಟ್ಟುಹಬ್ಬ, ಗಣಪತಿ ಮಂಡಳಿ, ಎಲ್ಲಿ ಕರೆದರೂ ಹೋಗಿ ಆಡುತ್ತಿದ್ದ. ಮಂದಿ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಚಪ್ಪಾಳೆ ಮುಗಿಯುವ ಮೊದಲೇ ಯಾವನೋ ಒಬ್ಬ, "ತೋಳಿನಾಗ ಐತಿ ನೋಡ್ರಿ" ಎನ್ನುತ್ತಿದ್ದ. ಶಾಂತಿನಾಥ ಅರ್ಧ ತೋಳಿನ ಅಂಗಿ ಹಾಕಿಕೊಂಡು ಹೋದ. ಆಗ, "ಇಸ್ಪೀಟ ಎಲೀನ ಬ್ಯಾರೆ ಇರ್ತಾವ" ಅಂದರು. ಇಪ್ಪತ್ತು ವರ್ಷದ ಸಾಧನೆಯನ್ನು ಜನ ಒಂದು ಮಾತಿನಲ್ಲಿ ತೋಳಿನೊಳಗೆ ತುರುಕಿಬಿಡುತ್ತಿದ್ದರು. ಹುಡುಕಲು ತೋಳೇ ಇಲ್ಲದಂಥ ಆಟ ಅವನಿಗೆ ಬೇಕಿತ್ತು. ಮನಸ್ಸು ಓದುವ ಆಟ. ಅದಕ್ಕೆ ಇನ್ನೊಬ್ಬರು ಬೇಕು. ಮನೆಯಲ್ಲಿ ಹೆಂಡತಿ ಸೌಂದರ್ಯಾ ಇದ್ದಳು.

ಸೌಂದರ್ಯಾ ಬೇಡಕಿಹಾಳದವಳು. ಮನೆಯ ಮುಂಭಾಗದ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಓಣಿಯ ಹೆಂಗಸರಿಗೆ ಜಂಪರು ಹೊಲಿಯುತ್ತಿದ್ದಳು. ಗಂಡನ ಎಲೆ ಆಟವನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಆದರೂ ಅವನು ಹೇಳಿಕೊಟ್ಟಾಗ ಒಲ್ಲೆ ಅನ್ನಲಿಲ್ಲ.

ಆಟದ ಗುಟ್ಟು ಇಷ್ಟೇ. ಅವಳು ಕಣ್ಣು ಕಟ್ಟಿಸಿಕೊಂಡು ವೇದಿಕೆಯ ಮೇಲೆ ಕೂಡಬೇಕು. ಅವನು ಜನರ ನಡುವೆ ಓಡಾಡಿ ಅವರು ಕೊಟ್ಟ ವಸ್ತುವನ್ನು ಎತ್ತಿ ಹಿಡಿದು ಅವಳನ್ನು ಕೇಳಬೇಕು. ಕೇಳುವ ಮಾತಿನಲ್ಲೇ ಉತ್ತರ ಇರುತ್ತದೆ. ಬರೇ "ಹೇಳು" ಅಂದರೆ ಕೈಗಡಿಯಾರ. "ಲಗೂ ಹೇಳು" ಎಂದು ಅವಸರ ಮಾಡಿದರೆ ಕೀಲಿಕೈ. "ಈಗ ಹೇಳು" ಅಂದರೆ ಉಂಗುರ. ಹೀಗೆ ಅರವತ್ತು ವಸ್ತುಗಳಿಗೆ, ಐವತ್ತೆರಡು ಎಲೆಗಳಿಗೆ ಬೇರೆ ಬೇರೆ ಮಾತುಗಳನ್ನು ಅವನು ಹೊಂದಿಸಿದ್ದ. ಸೌಂದರ್ಯಾ ಮಷೀನು ತುಳಿಯುತ್ತಲೇ ನಾಲ್ಕು ತಿಂಗಳಲ್ಲಿ ಎಲ್ಲವನ್ನೂ ಬಾಯಿಪಾಠ ಮಾಡಿದಳು. ತನಗೆ ಎರಡು ಎಲೆ ಎತ್ತಲು ಎರಡು ವರ್ಷ ಹಿಡಿದಿತ್ತು ಎಂಬುದು ಆಗಲೇ ಅವನ ಮನಸ್ಸಿಗೆ ಒಮ್ಮೆ ಬಂದು ಹೋಯಿತು.

ಮೊದಲ ಆಟ ಏಕಸಂಬಿಯಲ್ಲಿ ಚಲೋ ಆಯಿತು. ನಾಲ್ಕನೆಯದು ರಾಯಬಾಗದಲ್ಲಿ. ಅಲ್ಲಿ ಒಬ್ಬ ಹೆಂಗಸು ಕೈಯನ್ನೇ ಮುಂದೆ ಮಾಡಿದಳು. ಶಾಂತಿನಾಥ, "ಈಗ ಹೇಳು" ಅಂದ. ಸೌಂದರ್ಯಾ, "ಉಂಗುರ" ಎಂದಳು. ಅಲ್ಲಿಗೆ ಆಟ ಮುಗಿಯಬೇಕಿತ್ತು. ಆದರೆ ಅವಳು, "ಅದು ಬೆರಳಿನಿಂದ ಬರವಲ್ದಾಗೇತಿ. ಸಾಬೂನ ಹಚ್ಚಿ ನೋಡೀರಿ. ತಗೀಬ್ಯಾಡ್ರಿ ಬಿಡ್ರಿ, ಕೊಟ್ಟವ್ರು ತಗೀಲಿ ಅಂತ ಕೊಟ್ಟಿಲ್ಲ" ಎಂದಳು. ಆ ಹೆಂಗಸು ನಿಂತಲ್ಲೇ ಅತ್ತುಬಿಟ್ಟಳು.

ಮನೆಗೆ ಬರುವಾಗ ಅವನು ಕೇಳಿದ. "ನಾ ಹೇಳಿಕೊಟ್ಟಿದ್ದಿಲ್ಲಲಾ ಅದನ್ನ?"

"ನೀವು ತಗದು ಕೊಡ್ರಿ ಅಂದಾಗ ಆಕಿ 'ಬರಂಗಿಲ್ರಿ' ಅಂತ ಸಣ್ಣಗೆ ಅಂದದ್ದು ಕೇಳಿಸ್ತು. ಆಮ್ಯಾಲ ದನಿ ಒಂದ ನಮೂನಿ ಆತು. ಅಳತಿ ಕೊಡಾಕ ಬಂದವ್ರು ಎಷ್ಟೋ ಮಂದಿ ಹಂಗ ಮಾತಾಡ್ತಾರ" ಎಂದಳು ಸೌಂದರ್ಯಾ.

ಅಂದಿನಿಂದ ಯಾರೂ ತೋಳು ಹುಡುಕಲಿಲ್ಲ. ಆಟ ಮುಗಿದ ಮೇಲೆ ಹೆಂಗಸರು ವೇದಿಕೆ ಹತ್ತಿ ಬಂದು ಅವಳ ಕೈ ಹಿಡಿಯುತ್ತಿದ್ದರು. ಮಗಳ ಲಗ್ನ ಯಾವಾಗ ಕೂಡತೈತಿ, ಮನೆ ಬಿಟ್ಟು ಹೋದ ತಮ್ಮ ಎಲ್ಲಿ ಅದಾನ ಎಂದು ಕೇಳುತ್ತಿದ್ದರು. "ನನಗ ಅದೆಲ್ಲಾ ಗೊತ್ತಾಗಂಗಿಲ್ರಿ ಯಕ್ಕಾ, ಇದು ಆಟ" ಎಂದು ಅವಳು ಹೇಳಿದಷ್ಟೂ ಅವರ ನಂಬಿಕೆ ಹೆಚ್ಚುತ್ತಿತ್ತು. ಶಾಂತಿನಾಥ ಒಂದು ಬದಿಗೆ ನಿಂತು ಎಲೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

ಅಸೂಯೆ ಅವನಲ್ಲಿ ಒಂದೇ ದಿನ ಹುಟ್ಟಿದ್ದಲ್ಲ. ಫೋನು ಮಾಡಿದವರು "ಅಕ್ಕಾರು ಅದಾರೇನ್ರಿ" ಎಂದು ಕೇಳಿದಾಗ ಚೂರು. ಕಾಗವಾಡದವರು ಮಾಡಿಸಿದ ಬ್ಯಾನರಿನಲ್ಲಿ ಅವಳ ಚಿತ್ರ ದೊಡ್ಡದಾಗಿ, ತನ್ನದು ಮೂಲೆಯಲ್ಲಿ ಅಂಚೆಚೀಟಿಯಷ್ಟು ಬಂದಾಗ ಇನ್ನಷ್ಟು. ಆಟದ ಮೊದಲ ಅರ್ಧ ತಾಸು ಅವನ ಎಲೆ ಆಟ ಇರುತ್ತಿತ್ತು. ಈಗ ಆ ಹೊತ್ತಿನಲ್ಲಿ ಜನ ಚಹಾ ಕುಡಿದು ಬರುತ್ತಿದ್ದರು. ಅವಳ ಚಪ್ಪಾಳೆ ಎಷ್ಟು ಹೊತ್ತು ನಡೆಯಿತು, ತನ್ನದು ಎಷ್ಟು ಹೊತ್ತು ಎಂದು ಅವನು ಮನಸ್ಸಿನಲ್ಲೇ ಎಣಿಸಲು ಸುರು ಮಾಡಿದ. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೆ, "ಮಂದಿ ಮನಸ್ಸು ಗೊತ್ತಾಗತೈತಿ, ಉಪ್ಪು ಗೊತ್ತಾಗಂಗಿಲ್ಲ" ಎನ್ನುತ್ತಿದ್ದ. ಅವಳು ಉಪ್ಪಿನ ಡಬ್ಬಿಯನ್ನು ಅವನ ಕಡೆ ಸರಿಸುತ್ತಿದ್ದಳು. ಅವಳು ಜಗಳಕ್ಕೆ ಬರದಿದ್ದುದೂ ಅವನಿಗೆ ಉರಿಯುತ್ತಿತ್ತು.

ಅವನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಆ ಮಾತುಗಳನ್ನೆಲ್ಲ ಕಟ್ಟಿದವನು ತಾನು, ಪ್ರತಿ ಉತ್ತರವನ್ನೂ ಅವಳ ಕಿವಿಗೆ ಮುಟ್ಟಿಸುವವನು ತಾನು. ಆದರೆ ತಾನು ಎಷ್ಟು ಚೆನ್ನಾಗಿ ಮಾಡಿದರೆ ಅಷ್ಟು ತಾನು ಯಾರಿಗೂ ಕಾಣುವುದಿಲ್ಲ. ತಾನು ತಪ್ಪಿದರೆ ಮಾತ್ರ ಗೊತ್ತಾದೀತು ಎಂಬ ವಿಚಾರ ಒಂದು ದಿನ ಅಂಗಡಿಯಲ್ಲಿ ನೋಟ್‌ಬುಕ್ಕಿನ ಬಂಡಲು ಬಿಚ್ಚುವಾಗ ಅವನ ತಲೆಗೆ ಬಂತು. ಬಂದದ್ದು ಹೋಗಲಿಲ್ಲ.

ಮಾಘ ಮಾಸದಲ್ಲಿ ಅಥಣಿಯಿಂದ ಕರೆ ಬಂತು. ದ್ರಾಕ್ಷಿ ತೋಟದ ರಾವಸಾಹೇಬ ಎಂಬವರ ಮೊಮ್ಮಗಳಿಗೆ ಹೆಸರಿಡುವ ಕಾರ್ಯಕ್ರಮ. ಮಂಗಲ ಕಾರ್ಯಾಲಯದಲ್ಲಿ ಊಟಕ್ಕೆ ಮೊದಲು ಆಟ. ನಾಲ್ಕು ನೂರು ಜನ ಇದ್ದರು. ಶಾಂತಿನಾಥ ಎಲೆ ಆಟ ಮಾಡುವಾಗ ಮುಂದಿನ ಸಾಲಿನ ಒಬ್ಬರು ಪಕ್ಕದವರಿಗೆ, "ಅಕ್ಕಾರು ಯಾವಾಗ ಬರ್ತಾರಂತ?" ಎಂದು ಕೇಳಿದ್ದು ಅವನಿಗೆ ಕೇಳಿಸಿತು.

ಸೌಂದರ್ಯಾ ಬಂದು ಕೂತಳು. ಕಪ್ಪು ಪಟ್ಟಿ ಕಟ್ಟಿದರು. ಮೊದಲ ಐದು ವಸ್ತು ಸರಿಯಾದವು. ಆರನೆಯದಕ್ಕೆ ರಾವಸಾಹೇಬರ ಸೋದರತ್ತೆ, ಐಗಳಿ ಊರಿನ ಕಾಳವ್ವ ಎಂಬ ಎಪ್ಪತ್ತು ದಾಟಿದ ಮುದುಕಿ, ಸೆರಗಿನ ಗಂಟು ಬಿಚ್ಚಿ ಒಂದು ಗಂಡಸರ ಕೈಗಡಿಯಾರ ತೆಗೆದು ಅವನ ಅಂಗೈಯಲ್ಲಿ ಇಟ್ಟಳು. ನಿಂತುಹೋದ ಹಳೇ ಗಡಿಯಾರ.

ಶಾಂತಿನಾಥ ಅದನ್ನು ಎತ್ತಿ ಹಿಡಿದು, "ಸೌಂದರ್ಯಾ, ಲಗೂ ಹೇಳು" ಎಂದ.

ಅವಳು "ಕೀಲಿಕೈ" ಎಂದಳು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಶಾಂತಿನಾಥನಿಗೆ ಒಳಗೇ ಹಿತವೆನಿಸಿತು, ಹೆದರಿಕೆಯೂ ಆಯಿತು. ಆಗಲೂ ಸರಿಪಡಿಸಬಹುದಿತ್ತು. "ಹಂಗಲ್ಲ, ಹೇಳು" ಅಂದಿದ್ದರೆ ಅವಳು ಹಿಡಿಯುತ್ತಿದ್ದಳು. ಅವನು, "ಸರಿಯಾಗಿ ವಿಚಾರ ಮಾಡು, ಈಗ ಹೇಳು" ಎಂದ. ಅವಳು ಬಹಳ ಮೆಲ್ಲಗೆ, "ಉಂಗುರ" ಎಂದಳು.

ಮುದುಕಿ ಗಡಿಯಾರವನ್ನು ಅವನ ಕೈಯಿಂದ ತೆಗೆದುಕೊಂಡು, "ಇರ್ಲಿ ಬಿಡವ್ವಾ. ಅದು ನನ್ನ ನಸೀಬದಾಗ ಇಲ್ಲ" ಎಂದು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡಳು.

ಸೌಂದರ್ಯಾ ತಾನೇ ಪಟ್ಟಿ ಬಿಚ್ಚಿದಳು. "ಇವತ್ತ ನನಗ ಸರಿಯಾಗಿ ತಿಳೀವಲ್ದ್ರಿ. ನಮ್ಮ ಯಜಮಾನ್ರ ಎಲೆ ಆಟ ಇನ್ನೊಂದಿಷ್ಟ ನೋಡ್ರಿ. ಅವರ ಕೈ ಎಂದೂ ತಪ್ಪಂಗಿಲ್ಲ" ಎಂದು ಎದ್ದು ಬದಿಗೆ ಹೋದಳು.

ಶಾಂತಿನಾಥ ಅಂದು ಆಡಿದ್ದು ಅವನ ಬಾಳಿನ ಅತ್ಯುತ್ತಮ ಆಟ. ಕಿಲವಾರ ಗುಲಾಮ ಮೂರು ಜನರ ಕೈಯಲ್ಲಿ ಮೂರು ಸಲ ಬದಲಾಯಿತು. ಚಪ್ಪಾಳೆ ಜೋರಾಗಿಯೇ ಬಂತು. ಅವನು ಬಗ್ಗಿ ನಮಸ್ಕಾರ ಮಾಡಿ ತಲೆ ಎತ್ತಿ ನೋಡಿದರೆ, ಹೆಂಗಸರೆಲ್ಲ ಸೌಂದರ್ಯಾಳ ಸುತ್ತ ನೆರೆದಿದ್ದರು. ಒಬ್ಬಳು ನೀರು ಕೊಡುತ್ತಿದ್ದಳು, ಒಬ್ಬಳು ದೃಷ್ಟಿ ತಾಕಿರಬೇಕೆಂದು ಅವಳ ಮುಖ ನಿವಾಳಿಸಿ ಲಟಿಕೆ ಮುರಿಯುತ್ತಿದ್ದಳು. ಸೋತರೂ ಅವಳೇ. ಆ ಉರಿ ಮೊದಲಿನದಕ್ಕಿಂತ ಹೆಚ್ಚಾಗಿತ್ತು.

ಊಟ ಮುಗಿಸಿ ಬೈಕಿನಲ್ಲಿ ಹೊರಟರು. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿ ದಾರಿ ಸಾಗಲಿಲ್ಲ. ರಸ್ತೆ ಬದಿಯ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದಾಗ ಸೌಂದರ್ಯಾ ಬಾಯಿ ಬಿಟ್ಟಳು.

"ಒಂದ ಸಲ ಆಗಿದ್ರ ಮರ್ತೀರಿ ಅಂತಿದ್ದೆ. ಎರಡ ಸಲ ಮಾಡಿದ್ರಿ."

"ಗದ್ದಲದಾಗ ತಪ್ಪಿತು."

"ಮಾತು ಕಟ್ಟಿದವ್ರು ನೀವು. ನಿಮಗ ತಪ್ಪತೈತೇನು?"

ಅವನು ಚಹಾದ ಕಪ್ಪನ್ನು ಕೆಳಗಿಟ್ಟ. ಆಮೇಲೆ, "ಎಲ್ಲಾ ಮಂದಿ ನಿನ್ನನ್ನ ನೋಡ್ತಾರ. ಇಪ್ಪತ್ತು ವರ್ಷ ದುಡದಾಂವ ನಾನು" ಎಂದ.

"ನಾ ಕಣ್ಣು ಕಟ್ಟಿಕೊಂಡು ಕುಂತಿರ್ತೀನ್ರಿ" ಎಂದಳು ಸೌಂದರ್ಯಾ. "ಮಂದಿ ಯಾರನ್ನ ನೋಡ್ತಾರ ಅಂತ ನನಗ ಹೆಂಗ ಗೊತ್ತಾಗಬೇಕು? ಅಲ್ಲಿ ಕುಂತಾಗ ನಿಮ್ಮ ದನಿ ಬಿಟ್ರ ನನಗ ಏನೂ ಇರಂಗಿಲ್ಲ. ಅದೂ ಸುಳ್ಳು ಹೇಳಿದ್ರ ನಾ ಯಾವುದನ್ನ ಹಿಡಕೊಂಡು ಕುಂಡ್ರಲಿ?"

ಅವಳೇ ಮುಂದುವರಿಸಿದಳು. "ನನಗ ಅವಮಾನ ಆತು, ಅದು ಹೋಗ್ಲಿ. ಆ ಆಯಿ ತನ್ನ ನಸೀಬ ಅಂದ್ಲು. ಅದು ಆಕಿ ನಸೀಬ ಅಲ್ಲ, ನೀವು ಮಾಡಿದ್ದು. ಹೋಗಿ ಹೇಳಿ ಬರ್ರಿ. ಅಲ್ಲೀತನಕ ನಾ ಆ ಪಟ್ಟಿ ಕಟ್ಟಂಗಿಲ್ಲ."

ಅವಳು ಮಾತಿಗೆ ತಪ್ಪಲಿಲ್ಲ. ಒಂದೂವರೆ ತಿಂಗಳು ಎಷ್ಟೇ ಕರೆ ಬಂದರೂ ಒಲ್ಲೆ ಎಂದಳು. ಶಾಂತಿನಾಥ ಒಬ್ಬನೇ ಎರಡು ಕಡೆ ಹೋಗಿ ಬಂದ. ಎರಡೂ ಕಡೆ "ಅಕ್ಕಾರು ಬಂದಿಲ್ಲೇನ್ರಿ" ಎಂದು ಕೇಳಿದರು. ಕಾಳವ್ವನಿಗೆ ಹೇಳಬೇಕೆಂದರೆ ಆಟದ ಗುಟ್ಟನ್ನೇ ಹೇಳಬೇಕು. ಇಪ್ಪತ್ತು ವರ್ಷದಲ್ಲಿ ಅವನು ಹೆಂಡತಿಯನ್ನು ಬಿಟ್ಟು ಯಾರ ಮುಂದೆಯೂ ಒಂದು ಗುಟ್ಟನ್ನೂ ಬಿಟ್ಟುಕೊಟ್ಟವನಲ್ಲ. ಕಡೆಗೆ ಯುಗಾದಿ ಮುಗಿದ ಮರುದಿನ ಅಂಗಡಿ ಮುಚ್ಚಿ ಐಗಳಿಗೆ ಹೋದ.

ಕಾಳವ್ವ ಪಡಸಾಲೆಯಲ್ಲಿ ಕೂತು ಒಣದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದಳು. ಅವನು ಎದುರು ಕೂತು ಎಲ್ಲವನ್ನೂ ಹೇಳಿದ. "ಹೇಳು" ಅಂದರೆ ಏನು, "ಲಗೂ ಹೇಳು" ಅಂದರೆ ಏನು, ತಾನು ಬೇಕಂತಲೇ ಯಾಕೆ ತಪ್ಪು ಹೇಳಿದೆ ಎಂಬುದನ್ನೂ ಹೇಳಿದ. ಅವಳು ಕೈ ನಿಲ್ಲಿಸದೆ ಕೇಳಿದಳು.

"ಹೆಂಡ್ತಿ ಮ್ಯಾಲ ಹೊಟ್ಟಿಕಿಚ್ಚೇನು ತಮ್ಮಾ?"

"ಹೌದ್ರಿ ಆಯಿ."

"ನಮ್ಮ ಮನ್ಯಾಗೂ ಇತ್ತು" ಎಂದಳು ಕಾಳವ್ವ. "ನಾ ಸೋಬಾನ ಪದ ಚಲೋ ಹಾಡ್ತಿದ್ನಿ. ಅಥಣಿ, ಜತ್ತ, ಎಲ್ಲಾ ಕಡೆ ಲಗ್ನಕ್ಕ ಕರೀತಿದ್ರು. ನಮ್ಮ ಯಜಮಾನ್ರು ಭಜನಿ ಹಾಡ್ತಿದ್ರು. ಅವರ ಹಾಡಿಗೆ ಮಂದಿ ಕೂಡ್ತಿದ್ದಿಲ್ಲ. ಒಂದಿನ ಇನ್ನ ಹಾಡಬ್ಯಾಡ ಅಂದ್ರು. ನಲವತ್ತ ವರ್ಷ ಹಾಡಲಿಲ್ಲ." ಅವಳು ಒಂದು ಕಡ್ಡಿಯನ್ನು ಬದಿಗೆ ಹಾಕಿದಳು. "ಆ ವಾಚು ಅವರದು. ನಿನ್ನ ಹೆಂಡ್ತಿಗೆ ಮಂದಿ ಮನಸ್ಸು ತಿಳೀತೈತಿ ಅಂತ ಎಲ್ಲಾರೂ ಅಂತಿದ್ರು. ಸಾಯೂ ಮುಂದ ಅವರ ಮನಸಿನ್ಯಾಗ ಈ ಮಾತು ಬಂದಿತ್ತೇನು, ಒಂದೀಟು ಕೆಟ್ಟ ಅನಿಸಿತ್ತೇನು ಅಂತ ಕೇಳಬೇಕಂತ ತಂದಿದ್ನಿ."

ಕಾಳವ್ವ ಒಂದು ಹಿಡಿ ಒಣದ್ರಾಕ್ಷಿ ಅವನ ಕೈಗೆ ಹಾಕಿ, "ನೀ ಬಂದು ಹೇಳಿದಿ. ಅವರು ಹೇಳಲಿಲ್ಲ. ಆಕಿನ್ನ ಒಮ್ಮೆ ಕಳಸು" ಎಂದಳು.

ಅವನು ಮನೆಗೆ ಬಂದು ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಸೌಂದರ್ಯಾ ಮರುವಾರ ಒಬ್ಬಳೇ ಐಗಳಿಗೆ ಹೋದಳು. ಬೆಳಿಗ್ಗೆ ಹೋದವಳು ಸಂಜೆಯ ಬಸ್ಸಿಗೆ ಬಂದಳು. ಏನು ಮಾತಾಡಿದಿರಿ ಎಂದು ಅವನು ಕೇಳಿದ್ದಕ್ಕೆ, "ಆಯಿ ಕಡೆ ಹಾಡು ಹೇಳಿಸಿದ್ನಿ" ಎಂದಷ್ಟೇ ಹೇಳಿದಳು. ಒಂದು ಇಡೀ ದಿನ ಆ ಇಬ್ಬರು ಏನು ಮಾತಾಡಿರಬಹುದು, ಅದರಲ್ಲಿ ತನ್ನ ಮಾತು ಎಷ್ಟಿತ್ತು ಎಂದು ಅವನಿಗೆ ಮತ್ತೆ ಅಸೂಯೆಯಾಯಿತು.

ಬಸವ ಜಯಂತಿಯ ಹೊತ್ತಿಗೆ ನಿಪ್ಪಾಣಿಯಲ್ಲಿ ಒಂದು ಮಹಿಳಾ ಮಂಡಳದವರು ಕರೆದರು. ಸೌಂದರ್ಯಾ ಹೂಂ ಎಂದಳು. ಅಂದು ಶಾಂತಿನಾಥ ಜನರ ನಡುವೆ ನಡೆದು ಹದಿನೆಂಟು ವಸ್ತುಗಳನ್ನು ಎತ್ತಿ ಹಿಡಿದ. ಏಳನೆಯದಕ್ಕೆ ಒಬ್ಬ ಹುಡುಗಿ, ಪರೀಕ್ಷೆ ಮಾತು ಮನ್ಯಾಗ ತಿಳೀಬಾರ್ದು ಎಂದು ಗೆಳತಿಗೆ ಪಿಸುಗುಟ್ಟುತ್ತ ಬಸ್ಸಿನ ಪಾಸು ಕೊಟ್ಟಳು. ಸೌಂದರ್ಯಾ ಪಾಸು ಎಂದಷ್ಟೇ ಹೇಳದೆ, ಆ ಹುಡುಗಿ ಮನೆಯವರಿಗೆ ಹೇಳದೆ ಯಾವುದೋ ಪರೀಕ್ಷೆಗೆ ಓದುತ್ತಿದ್ದಾಳೆಂದೂ ಹೇಳಿದಳು. ಇಡೀ ಹಾಲ್ ಎದ್ದು ನಿಂತಿತು. ಅವನು ಪಾಸು ಹಿಡಿದುಕೊಂಡು ನಡುವೆ ನಿಂತಿದ್ದ. ಅವನ ಕಡೆ ಯಾರೂ ನೋಡಲಿಲ್ಲ. ಮುಂದಿನ ಸಾಲಿನ ಒಬ್ಬಳು ಕೈಗಡಿಯಾರ ಬಿಚ್ಚಿ ಕೊಟ್ಟಳು.

"ಹೇಳು" ಎಂದ ಶಾಂತಿನಾಥ.

ಆಟ ಮುಗಿದು ಬೈಕಿನ ಹತ್ತಿರ ಬಂದಾಗ ಅವನೇ ಮಾತು ತೆಗೆದ. "ಇವತ್ತೂ ಹೊಟ್ಟಿ ಉರೀತು. ಸುಳ್ಳು ಯಾಕ ಹೇಳ್ಲಿ."

"ತಿಳೀತು" ಎಂದಳು ಸೌಂದರ್ಯಾ, ಸೆರಗು ಸಿಕ್ಕಿಸಿಕೊಳ್ಳುತ್ತ. "ಪಾಸು ಆದ ಮ್ಯಾಲ ನಿಮ್ಮ ದನಿ ಬ್ಯಾರೆ ಆತು. ನಾ ಅಂಜಿದ್ನಿ. ಆದ್ರೂ ಮಾತು ಸರಿ ಬಂತು."

ಅವನು ಕಿಕ್ ಹೊಡೆದ. ಮೊದಲ ಸಲಕ್ಕೆ ಗಾಡಿ ಚಾಲೂ ಆಗಲಿಲ್ಲ. ಅವಳು ಎಲೆಗಳ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತಳು.