ಲಗಮವ್ವನ ಭಂಗಿ ಬೀಜ

ಒದ್ದೆಯಾದ ಬಿಳಿ ಬಟ್ಟೆ, ಅದರ ಮೇಲೆ ಹತ್ತು ಸಾಲು, ಸಾಲಿಗೆ ಹತ್ತು ಬೀಜ. ಹರೆಯದ ದಿನಗಳನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಬರುವುದು ಇದೇ. ಮುಖಗಳೆಲ್ಲ ಆಮೇಲೆ ಬರುತ್ತವೆ. ಆಗ ನಾನು ತಾಲೂಕು ಕಚೇರಿಯ ಬೀಜಪರೀಕ್ಷೆಯ ಕೋಣೆಯಲ್ಲಿ ಕೆಲಸಕ್ಕಿದ್ದೆ. ಜೋಳ, ಕಡಲೆ, ಹತ್ತಿ, ಕುಸುಬಿ, ಯಾವುದೇ ಬಂದರೂ ನೂರು ಎಣಿಸಿ ಬಟ್ಟೆಯ ಮೇಲೆ ಹರಡಬೇಕು, ಬಾವಿಯ ನೀರು ಚಿಮುಕಿಸಿ ಇನ್ನೊಂದು ಬಟ್ಟೆ ಹೊದಿಸಬೇಕು, ಏಳನೆಯ ದಿನ ತೆರೆದು ಎಷ್ಟು ಮೊಳೆತಿವೆ ಎಂದು ಬರೆಯಬೇಕು. ಕೋಣೆಗೆ ಕಲ್ಲಿನ ಗೋಡೆ, ಕಲ್ಲಿನ ನೆಲ. ಕಡುಬೇಸಿಗೆಯಲ್ಲೂ ಅಲ್ಲಿ ಅಂಗಾಲು ತಣ್ಣಗಾಗುತ್ತಿತ್ತು. ನಾನು ಬರೆದದ್ದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಅದರಿಂದ ನನಗೆ ಸ್ವಲ್ಪ ಜಂಬವೂ ಬಂದಿತ್ತು ಅನ್ನಿ.

ಒಂದು ವರ್ಷ, ಮಳೆಗೆ ಇನ್ನೂ ತಿಂಗಳಿರುವಾಗ, ಜವಾನ ಮೀರಾಸಾಬ ಒಂದು ಅರಿವೆಯ ಚೀಲ ತಂದು ನನ್ನ ಮೇಜಿನ ಮೇಲಿಟ್ಟ.

"ಭಂಗಿ ಬೀಜ ಅಕ್ಕಾರ. ಗುಡ್ಡದ ಲಗಮವ್ವನ ಮನಿಯಾಗ ಸಿಕ್ಕೈತಿ. ಇದರಾಗ ಜೀವ ಐತೋ ಇಲ್ಲೋ ಬರದುಕೊಡಬೇಕಂತ, ಸಾಹೇಬ್ರು ಹೇಳ್ಯಾರ."

ಗಾಂಜಾ ಗಿಡವನ್ನೇ ನಮ್ಮ ಕಡೆ ಭಂಗಿ ಎನ್ನುವುದು. ಅದರ ಸತ್ತ ಬೀಜ ಕಾನೂನಿನ ಕಣ್ಣಿಗೆ ಹಕ್ಕಿಯ ಕಾಳು, ಚಟ್ನಿಪುಡಿಯ ಸಾಮಾನು. ಜೀವವಿರುವ ಬೀಜವಾದರೆ ಆರು ತಿಂಗಳ ಸೆರೆ. ಲಗಮವ್ವ ಮನೆಗೆ ಹೋಗುವಳೋ ಜೈಲಿಗೋ ಎಂಬುದು ನನ್ನ ಬಟ್ಟೆಯ ಮೇಲೆ ತೀರ್ಮಾನವಾಗಬೇಕಿತ್ತು.

ಲಗಮವ್ವನ ಹೆಸರು ಕೇಳದವರು ಆ ಸೀಮೆಯಲ್ಲಿರಲಿಲ್ಲ. ಅರವತ್ತು ದಾಟಿದ ಹೆಂಗಸು, ಭಂಗಿ ಸೊಪ್ಪಿನಿಂದ ದನಗಳಿಗೆ ಔಷಧ ಕೊಡುವವಳು. ಎತ್ತಿಗೆ ಭೇದಿ ಹತ್ತಿದರೆ, ಎಮ್ಮೆ ಮೇವು ಬಿಟ್ಟರೆ ಜನ ಅವಳ ಬಾಗಿಲಿಗೆ ಓಡುತ್ತಿದ್ದರು. ಅದೇ ಸೊಪ್ಪು ಚಿಲುಮೆಗೂ ಹೋಗುತ್ತಿತ್ತು, ಮಠದ ಸಾಧುಗಳಿಗೂ ಹೋಗುತ್ತಿತ್ತು. ಅದನ್ನು ಮುಚ್ಚಿಟ್ಟು ನಾನು ಅವಳನ್ನು ದೇವತೆ ಮಾಡಲಾರೆ. ಆದರೆ ಅವಳ ಜೀವವೆಲ್ಲ ಇದ್ದದ್ದು ಬೀಜದಲ್ಲಿ. ಹೊಳೆದಂಡೆಯ ತಳಿ, ಮಠದ ಹಿತ್ತಲಿನ ತಳಿ, ಕುರಿಗಾರರು ದೂರದಿಂದ ತಂದ ಗಿಡ್ಡ ತಳಿ, ಎಲ್ಲವೂ ಅವಳ ಗಡಿಗೆಗಳಲ್ಲಿ ಬೇರೆ ಬೇರೆಯಾಗಿದ್ದವು. ಅವಳ ಗುಡ್ಡದ ತಳಿಯಂತೂ ಮತ್ತೆಲ್ಲೂ ಇರಲಿಲ್ಲ. ಸಣ್ಣ ಬೀಜ, ಮೈಮೇಲೆ ಕಂದು ಗೆರೆ. ಅದನ್ನು ಅವಳು ಎಂದೂ ಮಾರಲಿಲ್ಲ. ಬೀಜಕ್ಕೆ ಬೀಜ, ಅದೇ ಅವರ ವ್ಯವಹಾರ. ಮಳೆಗೆ ಮುಂಚೆ ಏಳು ಹಳ್ಳಿಯವರು ತಂತಮ್ಮ ಬೀಜ ತಂದು ಅವಳದ್ದನ್ನು ಒಯ್ಯುತ್ತಿದ್ದರು. ಕೊಟ್ಟ ಬೀಜ ಮೊಳೆಯದಿದ್ದರೆ ಕೊಟ್ಟವರ ಮನೆಗೆ ಮರುವರ್ಷ ಯಾರೂ ಕಾಲಿಡುವುದಿಲ್ಲ. ಅಷ್ಟೇ ಶಿಕ್ಷೆ, ಅದಕ್ಕಿಂತ ದೊಡ್ಡದು ಅವರಿಗೆ ಬೇಕೂ ಇರಲಿಲ್ಲ.

ನಾನು ನೂರು ಬೀಜ ಎಣಿಸಿದೆ, ಹರಡಿದೆ, ನೀರು ಚಿಮುಕಿಸಿದೆ. ಏಳನೆಯ ದಿನ ಮೇಲಿನ ಬಟ್ಟೆ ಸರಿಸಿ ನೋಡಿದರೆ ಹತ್ತೂ ಸಾಲು ಇಟ್ಟ ಹಾಗೇ ಇದ್ದವು. ಒಂದು ಬೀಜವೂ ಬಾಯಿ ಬಿಟ್ಟಿರಲಿಲ್ಲ. 'ಜೀವವಿಲ್ಲ' ಎಂದು ಬರೆದು ಸಹಿ ಹಾಕಿದೆ. ಒಳಗೊಳಗೇ ಖುಷಿಯೂ ಆಯಿತು. ಮುದುಕಿ ಬದುಕಿಕೊಂಡಳಲ್ಲ ಎಂದುಕೊಂಡೆ.

ವಿಚಾರಣೆಯ ದಿನ ಕಚೇರಿಯ ಪಡಸಾಲೆ ತುಂಬಿತ್ತು. ಸಾಹೇಬರು ನನ್ನ ಕಾಗದವನ್ನು ಗಟ್ಟಿಯಾಗಿ ಓದಿದರು.

"ಬೀಜ ಸತ್ತಿದೆ. ಅಪರಾಧವಿಲ್ಲ. ಚೀಲ ತಗೊಂಡು ಮನೆಗೆ ಹೋಗಮ್ಮ." ಆಮೇಲೆ ಗುಮಾಸ್ತನ ಕಡೆ ತಿರುಗಿ ನಕ್ಕರು. "ಏಳೂ ಹಳ್ಳಿಯ ಸಂತೆಯಲ್ಲಿ ಡಂಗುರ ಹೊಡೆಸಿರಿ, ಲಗಮವ್ವನ ಬೀಜಕ್ಕೆ ಜೀವ ಇಲ್ಲ ಅಂತ."

ಜನ ನಿಟ್ಟುಸಿರು ಬಿಟ್ಟರು. ಯಾರೋ ಅವಳ ಬೆನ್ನು ತಟ್ಟಿದರು. ಲಗಮವ್ವ ಮಾತ್ರ ಚೀಲ ಮುಟ್ಟಲಿಲ್ಲ.

"ಯಾರು ಬರದದ್ದು ಅದನ್ನ?" ಎಂದಳು.

ಗುಮಾಸ್ತ ನನ್ನತ್ತ ಬೆರಳು ಮಾಡಿದ. ಅವಳು ಬಂದು ನನ್ನೆದುರು ನಿಂತಳು. ಎತ್ತರದ ಹೆಂಗಸು, ನಾನು ಕತ್ತೆತ್ತಿ ನೋಡಬೇಕಾಯಿತು.

"ಎಲ್ಲಿ ಇಟ್ಟಿದ್ದಿ ತಂಗಿ?"

"ಕೋಣೆಯೊಳಗ, ಒದ್ದಿ ಬಟ್ಟಿಮ್ಯಾಲೆ. ಏಳು ದಿನ."

"ಆ ತಣ್ಣನ ಕಲ್ಲಿನ ಮ್ಯಾಲೆ? ನಿನ್ನನ್ನ ಅಲ್ಲಿ ಏಳು ದಿನ ಮಲಗಿಸಿದ್ರ ನೀನರ ಏಳ್ತಿದ್ದೇನು?" ಜನ ನಕ್ಕರು. ನನ್ನ ಕಿವಿ ಬಿಸಿಯಾದವು. ಅವಳು ಸಾಹೇಬರಿಗೆ ಕೇಳುವ ಹಾಗೆ ದನಿ ಏರಿಸಿದಳು. "ನನ್ನ ಬೀಜ ಸತ್ತಿಲ್ಲ. ಗುಡ್ಡದ ಬೀಜ ನೀರಿಗೆ ಏಳೂದಿಲ್ಲ, ಮೈಕಾವಿಗೆ ಏಳತೈತಿ. ನನ್ನ ಅವ್ವ ಹೊಟ್ಟಿಗೆ ಕಟ್ಟಿಕೊಂಡು ಎಬ್ಬಿಸ್ತಿದ್ಳು, ನಾನೂ ಹಂಗ ಎಬ್ಬಿಸ್ತೀನಿ. ಮೂರು ದಿನ ಕೊಡ್ರಿ, ನಿಮ್ಮ ಕಣ್ಣ ಮುಂದನ ಎಬ್ಬಿಸಿ ತೋರಸ್ತೀನಿ."

ಸಾಹೇಬರ ನಗು ನಿಂತಿತು. "ಎದ್ದರೆ ಆರು ತಿಂಗಳು ಒಳಗೆ ಹೋಗ್ತೀಯ. ಚೀಲ ಸುಡ್ತೀವಿ. ಗೊತ್ತಾ?"

"ಕಿವುಡಿ ಅಲ್ರಿ ನಾ."

ಹೀಗೂ ಒಬ್ಬರು ಉಂಟೇ ಎಂದು ಇಡೀ ಪಡಸಾಲೆ ಬಾಯಿಬಿಟ್ಟು ನೋಡಿತು. ತೆರೆದ ಬಾಗಿಲಿನಿಂದ ಹೊರಗೆ ಹೋಗಿ ಎಂದರೆ, ಬಾಗಿಲು ಮುಚ್ಚಿ ಎಂದು ಜಗಳ ಆಡುವವಳನ್ನು ನಾನೂ ಅದೇ ಮೊದಲು ಕಂಡದ್ದು. ಹಠಮಾರಿ, ಹುಚ್ಚು ಮುದುಕಿ ಎಂದುಕೊಂಡೆ. ನನ್ನ ಕೆಲಸವನ್ನು ಹತ್ತು ಜನರೆದುರು ಹೀಯಾಳಿಸಿದ್ದಕ್ಕೆ ಸಿಟ್ಟೂ ಬಂದಿತ್ತು.

ಚೀಲದಿಂದ ನಾನೇ ಮತ್ತೆ ನೂರು ಬೀಜ ಎಣಿಸಿದೆ. ಅವಳು ತನ್ನ ಹಳೆಯ ಸೀರೆಯ ತುಂಡನ್ನು ನೆನೆಸಿ, ಹಿಂಡಿ, ಬೀಜಗಳನ್ನು ಸಾಲಾಗಿ ಇಟ್ಟು ಮಡಿಸಿದಳು. ಗಂಟಿಗೆ ನಾನು ಅರಗಿನ ಮುದ್ರೆ ಒತ್ತಿದೆ. ಅದನ್ನು ಅವಳು ಹೊಟ್ಟೆಗೆ ಒತ್ತಿ ಸೆರಗಿನೊಳಗೆ ಕಟ್ಟಿಕೊಂಡು ಕಚೇರಿಯ ಕಟ್ಟೆಯ ಮೇಲೆ ಕೂತಳು. ಕಾವಲಿಗೆ ನನ್ನನ್ನೇ ಇಟ್ಟರು.

ಮೂರು ದಿನ ಜನ ಸಂತೆಗೆ ಬಂದ ಹಾಗೆ ಬಂದರು. ಲಗಮವ್ವ ಕೂತಲ್ಲೇ ರೊಟ್ಟಿ ತಿಂದಳು, ಎಮ್ಮೆಯ ಕೆಚ್ಚಲು ಬಾತಿದೆ ಎಂದವರಿಗೆ ಮದ್ದು ಹೇಳಿದಳು, ಆಗಾಗ ಗಂಟಿನ ಮೇಲೆ ಬೊಗಸೆಯಿಂದ ನಾಲ್ಕು ಹನಿ ನೀರು ಬಿಟ್ಟುಕೊಂಡಳು. ಸೆಕೆಗೆ ಬೆವರಿಳಿಯುತ್ತಿದ್ದರೂ ಸೆರಗು ಸಡಿಲಿಸಲಿಲ್ಲ. ಎರಡನೆಯ ದಿನದ ಹೊತ್ತಿಗೆ ನನ್ನ ಸಿಟ್ಟು ಇಳಿದು ಹೋಗಿತ್ತು. ಮಧ್ಯಾಹ್ನ ಜನ ಕರಗಿದಾಗ ಹತ್ತಿರ ಹೋಗಿ ಪಿಸುಗುಟ್ಟಿದೆ.

"ಆಯಿ, ಮುದ್ರಿ ನನ್ನ ಕೈಯಾಗ ಐತಿ. ಬಿಸಿನೀರಾಗ ಕುದಿಸಿದ ನೂರು ಬೀಜ ತರ್ತೀನಿ, ಬದಲು ಮಾಡೂಣು. ನಾಳೆ ನೀವು ಮನಿಗೆ ಹೋಗಬಹುದು."

ಅವಳು ಗಂಟನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು.

"ಕುದಿಸಿದ್ದನ್ನ ನನ್ನ ಹೊಟ್ಟಿಗೆ ಕಟ್ಟಾಕ ಬಂದಿ? ನಡಿ ಆಕಡೆ!" ಆಮೇಲೆ ಮೆತ್ತಗಾದಳು. "ನಿನ್ನ ಮನಸು ಚಲೋದು ತಂಗಿ. ಆದ್ರ ನೀ ಒಂದ ಚೀಲ ನೋಡಾಕತ್ತಿ."

ಆ ಮಾತು ನನಗೆ ಆಗ ಅರ್ಥವಾಗಲಿಲ್ಲ.

"ಮನಿಗೆ ಹೋಗಿ ನೀವ ಹೇಳಿದ್ರ ಆತಿತ್ತಲ್ಲ, ಬೀಜಕ್ಕ ಜೀವ ಐತಿ ಅಂತ?"

"ತನ್ನ ಮಾಲು ಕೆಟ್ಟೈತಿ ಅಂತ ಯಾರರ ಅಂತಾರೇನು? ನಿನ್ನ ಕಾಗದದ ಮುಂದ ನನ್ನ ಬಾಯಿಮಾತು ಯಾವ ಲೆಕ್ಕ?"

ಮೂರನೆಯ ದಿನ ಮುಂಜಾನೆ ಹತ್ತಕ್ಕೆ ಸಾಹೇಬರು ಹೊರಗೆ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಮುದ್ರೆ ಒಡೆದೆ. ಗಂಟು ಬಿಚ್ಚಿ ಹರಡಿದೆ. ಒದ್ದೆ ಬಟ್ಟೆ, ಹತ್ತು ಸಾಲು; ಆದರೆ ಈಗ ಸಾಲುಗಳೆಲ್ಲ ಕಲಸಿಹೋಗಿದ್ದವು. ಬೆಳ್ಳಗಿನ ಮೊಳಕೆಗಳು ಒಂದರೊಳಗೊಂದು ಸಿಕ್ಕಿಕೊಂಡು, ಕೆಲವು ಬಟ್ಟೆಯ ನೂಲನ್ನೇ ತೂರಿಕೊಂಡು ಆಚೆ ಬಂದಿದ್ದವು. ಎಣಿಸಲು ನನಗೆ ಬಹಳ ಹೊತ್ತು ಹಿಡಿಯಿತು.

"ಜೋರಾಗಿ ಹೇಳು ತಂಗಿ" ಎಂದಳು ಲಗಮವ್ವ.

"ತೊಂಬತ್ತೊಂದು!" ಎಂದು ಕೂಗಿದೆ. ಕಚೇರಿಯ ನೌಕರಳು ಹಾಗೆ ಕೂಗಬಾರದಿತ್ತು. ಕೂಗಿದೆ.

ನನ್ನ ಪಕ್ಕದಲ್ಲೇ ಹೊಳೆಯಾಚೆಯ ಹಳ್ಳಿಯ ಫಕೀರವ್ವ ಎಂಬ ಹೆಂಗಸು ನಿಂತಿದ್ದಳು. ಆಕೆ ತನ್ನ ತಂಗಿಯ ರಟ್ಟೆ ಹಿಡಿದು ಜಗ್ಗಿ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

"ಓಡು, ಓಡು. ಅತ್ತಿ ಹುರಿಯಾಕ ಬಾಣಲಿ ಇಟ್ಟಿರ್ತಾಳ. ಆಯಿ ಕೊಟ್ಟ ಗಡಿಗಿ ಮುಟ್ಟಬ್ಯಾಡ ಅಂತ ಹೇಳು!"

ಅವಳೊಬ್ಬಳೇ ಅಲ್ಲ. ಗುಂಪಿನ ಅಂಚಿನಿಂದ ಒಬ್ಬೊಬ್ಬರೇ ಸದ್ದಿಲ್ಲದೆ ಜಾರಿಕೊಂಡು, ಬೀದಿಯ ತಿರುವಿನಲ್ಲಿ ಓಟ ಕಿತ್ತರು. ನನಗೆ ಆಗ ತಿಳಿಯಿತು. ಚೀಲ ಸಿಕ್ಕಿಬೀಳುವ ಮೊದಲೇ ಆ ವರ್ಷದ ಬೀಜ ಹಂಚಿ ಮುಗಿದಿತ್ತು. ಏಳು ಹಳ್ಳಿಯ ಗಡಿಗೆಗಳಲ್ಲಿ ಲಗಮವ್ವನ ಬೀಜ ಬಿತ್ತನೆಗೆ ಕಾದು ಕೂತಿತ್ತು. ಸತ್ತಿದೆ ಎಂಬ ಸುದ್ದಿಗೇ ಬಾಣಲೆ ಏರಿತ್ತು; ಡಂಗುರವೂ ಹೊಡೆದಿದ್ದರೆ ಎಲ್ಲರೂ ಅದನ್ನು ಚಟ್ನಿಗೆ ಹುರಿಯುತ್ತಿದ್ದರು, ಕೋಳಿಗೆ ಚೆಲ್ಲುತ್ತಿದ್ದರು. ಹುಡುಕಿ ಹಿಡಿದು ಸುಟ್ಟರೂ ಮುಗಿಯದ ಬೀಜವನ್ನು ಸಾಹೇಬರು ನನ್ನ ಒಂದೇ ಪದದಿಂದ ಮುಗಿಸಲು ಹೊರಟಿದ್ದರು. ಆ ಪದವನ್ನು ಅಳಿಸಲಿಕ್ಕೆ ಅವಳು ಆರು ತಿಂಗಳು ಕೊಟ್ಟಳು. ನನಗೆ ಬಂದಷ್ಟು ನಾಚಿಕೆ ಯಾರಿಗೂ ಬರಬಾರದು.

ಚೀಲವನ್ನು ಅಂಗಳದಲ್ಲೇ ಸುಟ್ಟರು. ಬೀಜ ಚಟಪಟ ಸಿಡಿಯುತ್ತಿದ್ದಾಗ ಲಗಮವ್ವ ಒಮ್ಮೆ ಕಣ್ಣು ಮುಚ್ಚಿದಳು, ಅಷ್ಟೇ. ಪೇದೆಗಳ ನಡುವೆ ನಡೆಯುತ್ತಾ ನನ್ನ ಬಳಿ ನಿಂತು, "ಕಾಗದ ತಿದ್ದು ಮತ್ತ" ಎಂದಳು. ನಾನು ಅವಳೆದುರಿಗೇ 'ಜೀವವಿಲ್ಲ' ಎಂಬುದನ್ನು ಹೊಡೆದು ಹಾಕಿದೆ.

ಮೊದಲ ಪರೀಕ್ಷೆ ತಪ್ಪಿದ್ದೇಕೆಂದು ಸಾಹೇಬರು ಲಿಖಿತ ಸಮಜಾಯಿಷಿ ಕೇಳಿದರು. 'ನಾನು ತಪ್ಪಿದೆ, ಬೀಜ ತಪ್ಪಲಿಲ್ಲ' ಎಂದು ಒಂದೇ ಸಾಲು ಬರೆದುಕೊಟ್ಟೆ. ಅವರಿಗೆ ಮೈಯೆಲ್ಲ ಉರಿದಿರಬೇಕು. ಮಳೆ ಹಿಡಿದು ಎರಡು ತಿಂಗಳಾದ ಮೇಲೆ ಒಂದು ಪಟ್ಟಿ ಕೈಗಿಟ್ಟರು. ಏಳು ಹಳ್ಳಿ, ಮನೆಮನೆಯ ಹಿತ್ತಲು. ಭಂಗಿ ಗಿಡ ಇದೆಯೋ ಇಲ್ಲವೋ ನೋಡಿ ಬರೆಯಬೇಕು.

ಮೊದಲ ಮನೆ ಫಕೀರವ್ವನದು. ಹಿತ್ತಲಿಗೆ ಹೋದರೆ ಅವಳು ಮೂಲೆಯಲ್ಲಿ ಬೇಲಿಗೆ ಬೆನ್ನು ಮಾಡಿ, ಕೈಕಟ್ಟಿ ನಿಂತಿದ್ದಳು. ಅವಳ ಎರಡೂ ಭುಜದ ಆಚೆಯಿಂದ ಗರಗಸದಂಥ ಎಲೆಗಳು ಇಣುಕುತ್ತಿದ್ದವು. ಬಚ್ಚಿಡುವ ಪ್ರಯತ್ನವೇನೂ ಅಲ್ಲ ಅದು. ನನ್ನನ್ನು ದಾಟಿಕೊಂಡು ಹೋಗು ಎನ್ನುವ ನಿಲುವು.

"ಏನ್ ಬರೀತೀರಿ ಅಕ್ಕಾರ?" ಎಂದಳು. "ಬರೀರಿ. ನಾನೇನು ಅಂಜೂದಿಲ್ಲ. ಆಯಿ ಹೊರಗ ಬರೂದ್ರೊಳಗ ಇದು ಬೀಜ ಕಟ್ಟಬೇಕು. ಅಲ್ಲೀತನಕ ನಾ ಇಲ್ಲಿಂದ ಸರಿಯಾಕಿ ಅಲ್ಲ."

ಕಾಗದದಲ್ಲಿ ಎರಡೇ ಅಂಕಣ ಗೆರೆ ಹಾಕಿದ್ದರು. ಇದೆ, ಇಲ್ಲ. ಇಲ್ಲ ಎಂದು ಬರೆದರೆ ಅವಳು ಉಳಿಯುತ್ತಿದ್ದಳು. ನನ್ನ ಕೆಲಸವೂ ಉಳಿಯುತ್ತಿತ್ತು. ಆದರೆ ಜೀವವಿದ್ದದ್ದನ್ನು ಇಲ್ಲ ಎಂದು ಬರೆಯುವುದು ಇನ್ನು ಆ ಕೈಯಿಂದ ಸಾಧ್ಯವಿರಲಿಲ್ಲ. ಇದೆ ಎಂದು ಬರೆದು ಅವಳನ್ನು ಜೈಲಿಗೆ ಕಳಿಸುವುದೂ ನನ್ನಿಂದಾಗದ ಮಾತು. ಪಟ್ಟಿಯನ್ನೂ ಕಾಗದವನ್ನೂ ಸೇರಿಸಿ ಉದ್ದಕ್ಕೆ ಹರಿದೆ, ಮತ್ತೆ ಅಡ್ಡಕ್ಕೆ ಹರಿದೆ.

"ನಾಳೆಯಿಂದ ನಾ ಕಚೇರಿಗೆ ಹೋಗೂದಿಲ್ಲ" ಎಂದೆ. "ಬ್ಯಾರೆ ಯಾರರ ಬರಬಹುದು. ಆದ್ರ ನಂಗ ನೋಡೂದೈತಿ. ಎಷ್ಟು ಎತ್ತರ ಆಗೈತಿ?"

ಫಕೀರವ್ವ ನನ್ನ ಮುಖವನ್ನೂ ನೆಲದ ಮೇಲಿನ ಚೂರುಗಳನ್ನೂ ನೋಡಿದಳು. ಆಮೇಲೆ ಕಟ್ಟಿದ ಕೈ ಬಿಟ್ಟು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಅವಳ ಬೆನ್ನಿಗೆ ಒರಗಿದ್ದ ಟೊಂಗೆಗಳು ಬಿಡುಗಡೆಯಾಗಿ, ಮಳೆನೀರು ಕೊಡವಿಕೊಂಡು, ಮೆಲ್ಲಗೆ ನೆಟ್ಟಗಾದವು.