ಉದ್ದ ನಂಬರಿನ ಬಾಗಿಲು

ಮೂರು ದಿನದಿಂದ ಎಂಜಿನಿಯರಮ್ಮ ಷೆಡ್ಡಿನಲ್ಲಿ ನಿಂತ ಅದೇ ಬಸ್ಸಿನ ಮೆಟ್ಟಿಲ ಮೇಲೆ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಬಾಗಿಲು ತೆರೆದಾಗಲೆಲ್ಲ ಅದಕ್ಕೆ ಜೋಡಿಸಿದ ಎಲೆಕ್ಟ್ರಾನಿಕ್ ಬೋರ್ಡು ತಂತಿಯಲ್ಲಿ ತನ್ನ ನಂಬರು ಹೊತ್ತ ಸಂದೇಶ ಕಳಿಸುತ್ತಿತ್ತು. ಡ್ರೈವರನ ಮುಂದಿನ ಬೋರ್ಡಿಗೆ ಮಾತ್ರ ಅದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಬೇಕಾದ ನಂಬರಿನ ಸಂದೇಶವನ್ನಷ್ಟೇ ಆ ಬೋರ್ಡಿನೊಳಗೆ ಬಿಡುವ ಫಿಲ್ಟರ್ ಪ್ರೋಗ್ರಾಂ ಬರೆದವಳು ಅವಳೇ. ಆ ನಂಬರನ್ನು ನೂರು ಸಲ ನೋಡಿದ್ದಾಯಿತು, ಕಣ್ಣು ಉರಿದದ್ದೇ ಬಂತು.

ಕೊನೆಗೆ ಬೇಸತ್ತು ಫಿಲ್ಟರನ್ನೇ ಕಿತ್ತುಹಾಕಿದಳು. ಪರದೆಯ ತುಂಬ ಸಂದೇಶಗಳು ಸುರಿದವು. ನಡುವೆ ಬಾಗಿಲಿನದೂ ಇತ್ತು, ಆದರೆ ಅದರ ನಂಬರು ಉದ್ದದ್ದು, ಕಂಪ್ಯೂಟರಿನ ಸೊನ್ನೆ-ಒಂದುಗಳ ಲೆಕ್ಕದಲ್ಲಿ ಇಪ್ಪತ್ತೊಂಬತ್ತು ಬಿಟ್. ಅವಳ ಫಿಲ್ಟರು ಹನ್ನೊಂದು ಬಿಟ್‌ನ ಗಿಡ್ಡ ನಂಬರಿಗಷ್ಟೇ ದಾರಿ ಬಿಡುತ್ತಿತ್ತು.

"ಈ ಬಾಗಿಲಿಗೆ ಉದ್ದ ನಂಬರು ಅಂತ ಯಾರಾದ್ರೂ ಒಂದು ಮಾತು ಹೇಳ್ಬಾರದಿತ್ತಾ?" ಎಂದು ರೇಗಿದಳು.

ಸೀಟಿನಡಿ ತಂತಿ ಕಟ್ಟುತ್ತಿದ್ದ ಹಿರಿಯ ವೈರ್‌ಮನ್ ತಲೆ ಎತ್ತಲಿಲ್ಲ.

"ಸೋಮವಾರಾನೇ ಹೇಳ್ದೆ ಮೇಡಂ, ಇದು ಹಳೇ ಬಸ್ಸಿನ ಬಾಗಿಲು, ನಂಬರು ಉದ್ದ ಅಂತ. ನೀವು 'ಬೆಳಕಿಗೆ ಅಡ್ಡ ನಿಂತಿದ್ದೀರಿ, ಸ್ವಲ್ಪ ಜರುಗಿ' ಅಂದ್ರಿ."

ಗಂಟನ್ನು ಬಿಗಿದು ತಂತಿಯ ತುದಿ ಕತ್ತರಿಸಿದ.

"ಜರುಗ್ದೆ."