ತಟ್ಟಿ ನೋಡುವ ಕೈ

ಮಗಳ ಮುಖ ನೋಡಿದ ಕೂಡಲೇ ರಾವೂರಿನ ಲಾಲಮ್ಮನಿಗೆ ತಿಳಿದುಹೋಯಿತು. ಶಹಾಬಾದಿನಿಂದ ಬಂದ ಲುಂಬಿನಿ ಕಾಗದಪತ್ರಗಳ ಚೀಲವನ್ನು ಗೂಟಕ್ಕೆ ಹಾಕಿ, ಗೋಡೆಗೆ ಮುಖ ಮಾಡಿ ಕುಳಿತಳು. ಇದು ನಾಲ್ಕನೆಯ ಸಂದರ್ಶನ. ಪಿಯುಸಿ ಮುಗಿದ ಮೇಲೆ ಮೂರು ವರ್ಷ ಅವಳು ತಾಯಿಯ ಜೊತೆ ಗಣಿಯಲ್ಲಿ ಪರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಆರಿಸಿದ್ದಳು.

"ಈ ಸಲನೂ ಆಗ್ಲಿಲ್ಲೇನ?"

"ಇಲ್ಲ ಯವ್ವಾ. ನನ್ನ ಮುಂದೇ ಇನ್ನೊಬ್ರಿಗಿ ತಗೊಂಡ್ರು."

"ದೊಡ್ಡವರ ಕೈ ಇಲ್ಲದ ನೌಕರಿ ಎಲ್ಲಿ ಸಿಗ್ತದ? ಸಾಕು ಮಾಡು. ನಾಳಿಂದ ಸುಮ್ನ ಖಣಿಗಿ ಬಾ."

ಮಗ್ಗುಲ ಮನೆಯ ಲತೀಫಾ ಅಷ್ಟರಲ್ಲಿ ಒಳಗೆ ಬಂದಳು. ಅವಳು ಹತ್ತಿರದ ವಾಡಿ ಪಟ್ಟಣದಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಾಳೆ.

"ಅಳೋದು ಆಮ್ಯಾಲ ಅಳು. ಏನೇನು ಕೇಳಿದ್ರು ಹೇಳು."

"ನಿಮ್ಮ ಬಗ್ಗೆ ಹೇಳ್ರಿ ಅಂದ್ರು ಆಪಾ. ಮೊಬೈಲ್‌ದಾಗ ನೋಡಿ ಬಾಯಿಪಾಠ ಮಾಡಿದ್ದು ಹೇಳ್ದೆ. ಹಿಂದ ಎಲ್ಲರೆ ಕೆಲಸ ಮಾಡೀರೇನು ಅಂದ್ರು. ಇಲ್ರಿ ಅಂದೆ. ಕಲ್ಲಿನ ಬಗ್ಗೆ ಗೊತ್ತದೇನು ಅಂದ್ರು. ಏನೂ ಗೊತ್ತಿಲ್ರಿ ಅಂದೆ."

"ಏ ಹುಚ್ಚಿ! ಕೆಲಸರೆ ಎಂಥಾದ್ದಿತ್ತು?"

"ಗೋದಾಮಿಗಿ ಬಂದ ಪರಸಿ ನೋಡೋದು. ಒಳ್ಳೇವು ಬ್ಯಾರೆ, ಸೀಳಿದ್ವು ಬ್ಯಾರೆ ಮಾಡಿ ಬರಕೊಳ್ಳೋದು."

ಲತೀಫಾ ಹಣೆಗೆ ಕೈ ಹಚ್ಚಿಕೊಂಡಳು. ಲುಂಬಿನಿಯ ಕೈ ಎಂಥದೆಂದು ಓಣಿಗೆಲ್ಲ ಗೊತ್ತು. ಬೆರಳ ಗೆಣ್ಣಿನಿಂದ ಕಲ್ಲನ್ನು ತಟ್ಟುತ್ತಾಳೆ. ಖಣಖಣ ಅಂದರೆ ಕಲ್ಲು ಗಟ್ಟಿ, ಬದ್ದ ಅಂದರೆ ಒಳಗೆ ಸೀಳು. ಗಣಿಯ ಹಳಬರೂ ಅನುಮಾನ ಬಂದರೆ ಅವಳನ್ನೇ ಕರೆಯುತ್ತಾರೆ.

"ಮತ್ತ ಯಾಕ ಹೇಳಲಿಲ್ಲ?"

ಲುಂಬಿನಿ ತಾಯಿಯ ಕಡೆ ನೋಡಲಿಲ್ಲ. "ಯವ್ವ ಬ್ಯಾಡ ಅಂದಿದ್ಲು."

ಅದು ನಿಜ. ಮಗಳ ಒಡೆದ ಅಂಗೈ ಕಾಣದಿರಲೆಂದು ಲಾಲಮ್ಮ ತಾನೇ ಮದರಂಗಿ ಅರೆದು ಹಚ್ಚಿದ್ದಳು. "ಖಣಿ ಹೆಸರು ಎತ್ತಬ್ಯಾಡ. ಕಲ್ಲು ಹೊರಾಕಿ ಅಂತ ತಿಳಿದ್ರ ಕುಂದ್ರಾಕ ಕುರ್ಚಿನೂ ಕೊಡಂಗಿಲ್ಲ" ಅಂದಿದ್ದಳು. ಈಗ ಆ ಕೆಂಪು ಕೈ ನೋಡಲಾಗದೆ ತಲೆ ಬಗ್ಗಿಸಿ ಲತೀಫಾಳನ್ನು ಕೇಳಿದಳು.

"ನಾಳಿ ನಾನೇ ಹೋಗಿ ಹೇಳಿದ್ರ ನಡೀತದೇನವ್ವಾ?"

"ಇಲ್ಲ ಕಾಕಿ. ಅದು ಹೋತು. ಹೊಳ್ಳಿ ಬರಂಗಿಲ್ಲ."

ಲತೀಫಾ ಲುಂಬಿನಿಯನ್ನು ತಾಯಿಯ ಎದುರಿಗೆ ತಂದು ಕೂಡಿಸಿದಳು. "ಸೋಮವಾರ ಚಿತ್ತಾಪುರದಾಗ ಟೈಲ್ಸ್ ಅಂಗಡಿದು ಇನ್ನೊಂದು ಅದ. ಕಾಕಿ, ನೀವು ಸಾಹೇಬ್ರಾಗ್ರಿ. ಕೇಳ್ರಿ ಆಕಿಗಿ."

"ನಾನೆಂಥಾ ಸಾಹೇಬ? ಸೆರಗಿನ ತುಂಬ ಧೂಳದ."

"ಇರ್ಲಿ, ಕಲ್ಲಿನ ಸಾಹೇಬ್ರು ಹಂಗೇ ಇರ್ತಾರ. ಕುಂದ್ರಿ."

ಲಾಲಮ್ಮ ನೆಟ್ಟಗೆ ಕುಳಿತಳು. "ಏನು ಕೆಲಸ ಮಾಡೀದಿ ತಂಗಿ?"

ಎರಡು ಸಲ ಲುಂಬಿನಿ ಮತ್ತೆ ಆ ಬಾಯಿಪಾಠವನ್ನೇ ಒಪ್ಪಿಸಿದಳು. ಮೂರನೆಯ ಸಲ ಹೇಳಿದಳು: "ಮೂರು ವರ್ಷ ಖಣ್ಯಾಗ ಪರಸಿ ಆರಿಸೀನ್ರಿ. ತಟ್ಟಿ ನೋಡಿ ಸೀಳು ಹೇಳತೀನ್ರಿ. ಕಂಪ್ಯೂಟರ್ ಪೂರಾ ಬರಂಗಿಲ್ಲ, ಕಲೀಲಿಕತ್ತೀನ್ರಿ."

ಸಾಹೇಬರಿಗೆ ಮುಂದಿನ ಪ್ರಶ್ನೆ ಕೇಳಲಾಗಲಿಲ್ಲ. ಅವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಸೋಮವಾರ ಲಾಲಮ್ಮ ಮಗಳ ಕೈಗೆ ಏನೂ ಹಚ್ಚಲಿಲ್ಲ. "ಕೇಳಿದ್ರ ಕೈ ತೋರ್ಸು" ಎಂದಷ್ಟೇ ಹೇಳಿ, ಮೂಲ ಅಂಕಪಟ್ಟಿ, ಅದರ ನಕಲು, ಆಧಾರ್ ಎಲ್ಲ ಎಣಿಸಿ ಚೀಲಕ್ಕೆ ಹಾಕಿ, ಬೆಳಗಿನ ಮೊದಲ ಬಸ್ಸಿಗೇ ಕಳಿಸಿದಳು. ಲುಂಬಿನಿ ಇದ್ದದ್ದು ಇದ್ದಂತೆ ಹೇಳಿ ಬಂದಳು. "ಫೋನ್ ಮಾಡತೀವಿ" ಎಂದರಂತೆ. ಇಂದಿಗೆ ಒಂಬತ್ತು ದಿನ. ಫೋನ್ ಬಂದಿಲ್ಲ. ಹಗಲು ಗಣಿ, ಸಂಜೆ ಲತೀಫಾಳ ಹತ್ತಿರ ಕಂಪ್ಯೂಟರ್.

ಅಕ್ಕಂದಿರೇ, ಅಣ್ಣಂದಿರೇ, ತಯಾರಿ ಮಾಡಿದವರಿಗೆಲ್ಲ ನೌಕರಿ ಸಿಕ್ಕೇ ಸಿಗುತ್ತದೆಂದು ನಿಮಗೆ ಸುಳ್ಳು ಹೇಳುವುದಿಲ್ಲ. ಆದರೆ ಮಕ್ಕಳನ್ನು ಸಂದರ್ಶನಕ್ಕೆ ಕಳಿಸುವ ಮುಂಚೆ ಎದುರಿಗೆ ಕೂಡಿಸಿಕೊಂಡು ಕೇಳಿರಿ: ನಿನಗೆ ಏನು ಬರುತ್ತದೆ? ಅವರು ಮಾಡಿದ ಕೆಲಸ ಹೊಲದ್ದಿರಲಿ, ಗಣಿಯದ್ದಿರಲಿ, ಬಾಯಿ ಬಿಟ್ಟು ಹೇಳಲು ಕಲಿಸಿರಿ. ನಾಚಿಕೆಯಿಂದ ಮುಚ್ಚಿಡಿಸಬೇಡಿರಿ. ಶಹಾಬಾದಿನ ಆ ಗೋದಾಮಿನಲ್ಲಿ ಈಗ ಬೇರೆ ಯಾರೋ ಕಲ್ಲು ತಟ್ಟುತ್ತಿದ್ದಾರೆ.